ಯುದ್ಧಕ್ಕೆ ಹೂಂ ಅನ್ನಬೇಕಾದವರು ಯಾರು?

ಪ್ರಶ್ನೆ: ಸರ್, ಅಮೆರಿಕದಲ್ಲಿ ಯುದ್ಧ ಸಾರುವ ಅಧಿಕಾರ ಇರುವುದು ಅಲ್ಲಿನ ಸಂಸತ್ತಿಗೆ ಎಂದು ಪಿಯುಸಿಯಲ್ಲಿ ಓದಿದ್ದೆ. ಆದರೆ ಸುದ್ದಿ ನೋಡಿದರೆ ಅಧ್ಯಕ್ಷರೇ ವಿಮಾನ ಕಳಿಸಿಬಿಡುತ್ತಾರೆ. ಹಾಗಾದರೆ ವಿರೋಧ ಪಕ್ಷದವರು ಸುಮ್ನೆ ಕೂತಿರುತ್ತಾರಾ? ನಮ್ಮಲ್ಲಿ ಇದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಓದಿದ್ದು ಸರಿ, ನೋಡುತ್ತಿರುವುದೂ ಸರಿ. ಎರಡರ ನಡುವೆ ಏನಾಯಿತು ಅನ್ನುವುದೇ ವಿಷಯ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವಾಗ ಮೊದಲ ಕರಡಿನಲ್ಲಿ, ಯುದ್ಧ 'ಮಾಡುವ' ಅಧಿಕಾರ ಕಾಂಗ್ರೆಸ್‌ಗೆ ಎಂದಿತ್ತು. ಅಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು, ನಮ್ಮ ಪಕ್ಷದ ಹೆಸರಿನ ಜತೆ ಗೊಂದಲ ಬೇಡ. ಜೇಮ್ಸ್ ಮ್ಯಾಡಿಸನ್ ಮತ್ತು ಎಲ್ಬ್ರಿಜ್ ಗೆರಿ ಆ ಪದ ತೆಗೆಸಿ ಯುದ್ಧ 'ಸಾರುವ' ಎಂದು ಹಾಕಿಸಿದರು. ಶತ್ರು ಇದ್ದಕ್ಕಿದ್ದಂತೆ ಮೇಲೆ ಬಿದ್ದರೆ ಸಭೆ ಸೇರುವ ತನಕ ಕಾಯಲು ಆಗುವುದಿಲ್ಲ, ಆಗ ಅಧ್ಯಕ್ಷರು ತಡೆಯಲಿ ಅನ್ನುವುದು ಅವರ ಯೋಚನೆ. ಅದು ತಪ್ಪಲ್ಲ. ಆದರೆ ಮುಂದೆ ಬಂದ ಎಷ್ಟೋ ಅಧ್ಯಕ್ಷರು ಆ ಸಣ್ಣ ಸಂದಿಯನ್ನೇ ಹೆಬ್ಬಾಗಿಲು ಮಾಡಿಕೊಂಡರು. ಕಾಂಗ್ರೆಸ್ ಕೊನೆಯ ಸಲ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ. ವಿಯೆಟ್ನಾಂ, ಅಫ್ಘಾನಿಸ್ತಾನ, ಇರಾಕ್ ಯಾವುದಕ್ಕೂ ಘೋಷಣೆ ಇಲ್ಲ. 'ಸೇನೆ ಬಳಸಬಹುದು' ಎಂಬ ಅನುಮತಿ ಮಾತ್ರ. 1950ರ ಕೊರಿಯಾಕ್ಕೆ ಅದೂ ಇರಲಿಲ್ಲ.

ಇನ್ನು ವಿರೋಧ ಪಕ್ಷ. ಇದಕ್ಕೆ 2002ರ ಅಕ್ಟೋಬರ್ ನೋಡಬೇಕು. ಇರಾಕ್ ಬಳಿ ಸಾಮೂಹಿಕ ನಾಶದ ಅಸ್ತ್ರಗಳಿವೆ, ಸೇನೆ ಬಳಸಲು ಅನುಮತಿ ಕೊಡಿ ಎಂದು ಬುಷ್ ಸರ್ಕಾರ ಕೇಳಿತ್ತು. ನವೆಂಬರ್ 5ಕ್ಕೆ ಚುನಾವಣೆ, ಅಂದರೆ ಇನ್ನು ನಾಲ್ಕು ವಾರವೂ ಇಲ್ಲ. ಅಂಥ ಹೊತ್ತಿನಲ್ಲಿ 'ಬೇಡ' ಅಂದವನಿಗೆ ದೇಶದ ಮೇಲೆ ಪ್ರೀತಿ ಇಲ್ಲ ಅನ್ನುವ ಹಣೆಪಟ್ಟಿ ಗ್ಯಾರಂಟಿ. ಆಗ ಮೇಲ್ಮನೆಯಾದ ಸೆನೆಟ್‌ನಲ್ಲಿ ಬಹುಮತ ಇದ್ದದ್ದು ವಿರೋಧಿಗಳಾದ ಡೆಮಾಕ್ರಟಿಕ್ ಪಕ್ಷಕ್ಕೇ! ಆದರೂ ನಿರ್ಣಯ 77–23ರಲ್ಲಿ ಪಾಸಾಯಿತು, ಆ ಪಕ್ಷದ 29 ಸೆನೆಟರ್‌ಗಳು ಹೂಂ ಅಂದಿದ್ದರು. ಕೆಳಮನೆಯಲ್ಲಿ 296–133. ಅಲ್ಲಿ ಡೆಮಾಕ್ರಟಿಕ್ ಸದಸ್ಯರಲ್ಲಿ 126 ಮಂದಿ ಬೇಡ ಅಂದರು, 81 ಮಂದಿ ಬೇಕು ಅಂದರು, ಆದರೆ ಅವರ ನಾಯಕರಾದ ರಿಚರ್ಡ್ ಗೆಫಾರ್ಟ್ ಅವರೇ ಬುಷ್ ಪಕ್ಕ ನಿಂತು ಬೆಂಬಲ ಕೊಟ್ಟಾಗಿತ್ತು.

ನನ್ನನ್ನು ಇವತ್ತಿಗೂ ಕಾಡುವುದು ಒಂದು ಕಡತ. ಇರಾಕ್ ಬಗ್ಗೆ ಗುಪ್ತಚರ ಸಂಸ್ಥೆಗಳು ತಯಾರಿಸಿದ ಸುಮಾರು 90 ಪುಟಗಳ ವರದಿ ಮತದಾನಕ್ಕೆ ಮುಂಚೆಯೇ ಸೆನೆಟರ್‌ಗಳಿಗೆ ಸಿಗುತ್ತಿತ್ತು. ಮನೆಗೆ ಒಯ್ಯುವಂತಿಲ್ಲ, ಕಾವಲಿರುವ ಕೋಣೆಗೆ ಹೋಗಿ, ಅಲ್ಲೇ ಕೂತು ಓದಬೇಕು. ಅಸ್ತ್ರಗಳಿವೆ ಅನ್ನುವುದಕ್ಕೆ ಕೆಲವು ಇಲಾಖೆಗಳ ಭಿನ್ನಮತವೂ ಅದರೊಳಗೆ ಇತ್ತು. ಪೂರ್ತಿ ಓದಿದವರು ಬೆರಳೆಣಿಕೆ. ಫ್ಲಾರಿಡಾದ ಸೆನೆಟರ್ ಬಾಬ್ ಗ್ರಹಾಂ ಓದಿದರು, ಬೇಡ ಎಂದು ಮತ ಹಾಕಿದರು. ಸಾವಿರಾರು ಹುಡುಗರನ್ನು ಸಾಯಲು ಕಳಿಸುವ ಕಾಗದಕ್ಕೆ ಕೈ ಎತ್ತುವ ಮುಂಚೆ 90 ಪುಟ ಓದಲು ಎಷ್ಟು ಹೊತ್ತು ಬೇಕು, ಹೇಳಿ? ಒಂದು ಮಧ್ಯಾಹ್ನ ಸಾಕಿತ್ತು. ಆ ಅಸ್ತ್ರಗಳು ಕೊನೆಗೂ ಸಿಗಲಿಲ್ಲ.

ಹಾಗಾಗಿ ಅಧಿಕಾರವನ್ನು ಅಧ್ಯಕ್ಷರು ಕಿತ್ತುಕೊಂಡರು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಜಾಸ್ತಿ ಸಲ ಅದನ್ನು ಕಾಂಗ್ರೆಸ್ಸೇ ಕೈಯಾರೆ ಕೊಟ್ಟಿದೆ. 1964ರಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡು ಸಲ ದಾಳಿಯಾಯಿತು ಎಂದಾಗ ಸೇನೆ ಬಳಸುವ ಅನುಮತಿಗೆ ಬಿದ್ದ ಮತ: ಕೆಳಮನೆ 416–0, ಸೆನೆಟ್ 88–2. ವಿಯೆಟ್ನಾಂ ಯುದ್ಧಕ್ಕೆ ಅದೇ ಪರವಾನಗಿ ಆಯಿತು. ಆ ಎರಡನೇ ದಾಳಿ ನಡೆದೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಬೇಡ ಎಂದ ಇಬ್ಬರು, ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್, 1968ರಲ್ಲಿ ಸ್ಥಾನ ಕಳೆದುಕೊಂಡರು.

2001ರ ಸೆಪ್ಟೆಂಬರ್ 14ರಂದು, ದಾಳಿಕೋರರ ವಿರುದ್ಧ ಸೇನೆ ಬಳಸುವ ಅನುಮತಿ ಮತಕ್ಕೆ ಬಂದಾಗ, ಕೆಳಮನೆಯ ಸದಸ್ಯೆ ಬಾರ್ಬರಾ ಲೀ ಒಬ್ಬರೇ ಎದುರು ನಿಂತರು. ಅವಳಿ ಗೋಪುರ ಉರುಳಿ ಮೂರು ದಿನ ಆಗಿತ್ತಷ್ಟೆ. ಮಾತಾಡುವಾಗ ಅವರ ಗಂಟಲು ಕಟ್ಟಿತ್ತು. ಅವರೇನು ದಾಳಿಕೋರರನ್ನು ಬಿಟ್ಟುಬಿಡಿ ಎನ್ನಲಿಲ್ಲ, ಗಡಿಯೂ ಗಡುವೂ ಇಲ್ಲದ ಇಂಥ ಅನುಮತಿ ಬೇಡ, ಒಂದು ಕ್ಷಣ ನಿಂತು ಯೋಚಿಸೋಣ ಎಂದರು. 420–1. ಆಮೇಲೆ ಕೊಲೆ ಬೆದರಿಕೆ, ಪೊಲೀಸ್ ಕಾವಲು. ಅವರು ಹೆದರಿದ ಹಾಗೆಯೇ ಆಯಿತು. ಆ ಅನುಮತಿಯನ್ನೇ ಹಿಡಿದುಕೊಂಡು ಮುಂದೆ ಅಫ್ಘಾನಿಸ್ತಾನದಿಂದ ಎಷ್ಟೋ ದೂರದ ಯೆಮೆನ್, ಸೊಮಾಲಿಯಾಗಳಲ್ಲೂ ದಾಳಿ ಮಾಡಿದರು.

ಇದಕ್ಕೆ ಕಾನೂನಿನ ಕಡಿವಾಣ ಇಲ್ಲವೇ ಅಂದರೆ, ಇದೆ. ವಿಯೆಟ್ನಾಂ ಪಾಠದಿಂದ 1973ರಲ್ಲಿ, ನಿಕ್ಸನ್ ವಿಟೊ ಹಾಕಿದರೂ ಬಿಡದೆ, ಯುದ್ಧಾಧಿಕಾರದ ಕಾನೂನು ತಂದರು. ಸೇನೆ ಕಳಿಸಿದ 48 ಗಂಟೆಯೊಳಗೆ ಕಾಂಗ್ರೆಸ್‌ಗೆ ತಿಳಿಸಬೇಕು, 60 ದಿನದಲ್ಲಿ ಅನುಮತಿ ಸಿಗದಿದ್ದರೆ ಕಾಳಗ ನಿಲ್ಲಿಸಬೇಕು, ವಾಪಸ್ ಕರೆಸಲು ಇನ್ನು 30 ದಿನ. 2011ರಲ್ಲಿ ಲಿಬಿಯಾ ಮೇಲೆ ಬಾಂಬ್ ಬೀಳುತ್ತಿರುವಾಗ 60 ದಿನ ದಾಟಿತು. ನೆಲದ ಮೇಲೆ ನಮ್ಮ ಸೈನಿಕರಿಲ್ಲ, ಹಾಗಾಗಿ ಕಾನೂನು ಹೇಳುವ ಕಾಳಗವೇ ಇದಲ್ಲ ಎಂದು ಒಬಾಮಾ ಸರ್ಕಾರ ವಾದಿಸಿತು. 2019ರಲ್ಲಿ ಯೆಮೆನ್ ಯುದ್ಧಕ್ಕೆ ನೆರವು ಸಾಕು ಎಂದು ಎರಡೂ ಮನೆಗಳು ನಿರ್ಣಯ ಮಾಡಿದವು. ಟ್ರಂಪ್ ವಿಟೊ ಹಾಕಿದರು. ಅದನ್ನು ಮೀರಲು ಮೂರನೇ ಎರಡು ಭಾಗ ಬೇಕಿತ್ತು, ಸಿಗಲಿಲ್ಲ. ಯುದ್ಧ ಶುರುವಾದ ಮೇಲೆ ತಡೆಯುವುದು ಅಷ್ಟು ಕಷ್ಟ, ಅದಕ್ಕೇ ನಾನು ಮೊದಲ ಮತದ ಬಗ್ಗೆ ಇಷ್ಟು ಉದ್ದ ಬರೆದೆ.

ನಮ್ಮಲ್ಲಿ ಕಥೆ ಬೇರೆ. ಸಂಸತ್ತು ಮತ ಹಾಕಿದ ಮೇಲೆಯೇ ಯುದ್ಧಕ್ಕೆ ಹೋಗಬೇಕು ಎಂಬ ಮಾತು ನಮ್ಮ ಸಂವಿಧಾನದಲ್ಲಿ ಇಲ್ಲವೇ ಇಲ್ಲ. ಸೇನೆಯ ಪರಮಾಧಿಕಾರ 53ನೇ ವಿಧಿಯಂತೆ ರಾಷ್ಟ್ರಪತಿಯವರದು, ತೀರ್ಮಾನ ಸಂಪುಟದ್ದು. 1987ರಲ್ಲಿ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋದದ್ದೂ ಹೀಗೆಯೇ, ಸುಮಾರು 1,200 ಸೈನಿಕರು ಜೀವಂತ ವಾಪಸ್ ಬರಲಿಲ್ಲ. ಸಂಸತ್ತಿನ ಕೈಯಲ್ಲಿರುವುದು ಬಜೆಟ್, ಅವಿಶ್ವಾಸ, ಮತ್ತು ಪ್ರಶ್ನೆ.

ಪ್ರಶ್ನೆ ಅಂದರೆ ಸಣ್ಣದು ಅಂದುಕೊಳ್ಳಬೇಡಿ. 1962ರ ಅಕ್ಟೋಬರ್ 20ಕ್ಕೆ ಚೀನಾ ಸೇನೆ ನುಗ್ಗಿತು. ಅಧಿವೇಶನ ಬೇಗ ಕರೆಯಿರಿ ಎಂದು ವಾಜಪೇಯಿ ಒತ್ತಾಯಿಸಿದರು, ಆಗ ಅವರು ರಾಜ್ಯಸಭೆಯ ಯುವ ಸದಸ್ಯ. ನೆಹರೂ ನವೆಂಬರ್ 8ಕ್ಕೆ ಕರೆದರು. ಬಾಗಿಲು ಮುಚ್ಚಿ ಗುಟ್ಟಾಗಿ ಚರ್ಚಿಸೋಣ ಎಂಬ ಸಲಹೆಯನ್ನು ಅವರು ಒಪ್ಪಲಿಲ್ಲ. ಗಡಿಯಲ್ಲಿ ಗುಂಡು ಹಾರುತ್ತಿರುವಾಗಲೇ ವಿರೋಧ ಪಕ್ಷದವರು ಸರ್ಕಾರವನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ ಅಷ್ಟರಲ್ಲಿ ಸಂಪುಟದಿಂದ ಹೊರಬಿದ್ದಿದ್ದರು, ಅದಕ್ಕೆ ನೆಹರೂ ಪಕ್ಷದವರ ಒತ್ತಡವೂ ಕಾರಣ.

ಇನ್ನೊಂದು, ನಿಮ್ಮ ಪ್ರಶ್ನೆಗೆ ನೇರವಾಗಿ ಕೂಡುವಂಥದ್ದು. 2003ರ ಏಪ್ರಿಲ್‌ನಲ್ಲಿ ಇರಾಕ್ ಮೇಲಿನ ದಾಳಿಯ ಬಗ್ಗೆ ನಮ್ಮ ಲೋಕಸಭೆ ಒಮ್ಮತದ ನಿರ್ಣಯ ಮಾಡಿತು. ಹಿಂದಿ ಪಠ್ಯದಲ್ಲಿ 'ನಿಂದಾ' ಎಂಬ ಪದವೇ ಬಂತು. ಆಮೇಲೆ ಅಮೆರಿಕ ನಮ್ಮ ಸೈನಿಕರನ್ನೂ ಇರಾಕ್‌ಗೆ ಕಳಿಸಿ ಎಂದು ಕೇಳಿತು. ವಿರೋಧ ಪಕ್ಷದ ನಾಯಕಿಯಾಗಿದ್ದ ಸೋನಿಯಾ ಗಾಂಧಿ ಬೇಡ ಎಂದು ಪ್ರಧಾನಿ ವಾಜಪೇಯಿ ಅವರಿಗೆ ಪತ್ರ ಬರೆದರು. ಸರ್ಕಾರ ಎರಡು ತಿಂಗಳ ಹತ್ತಿರ ತೂಗಿ ನೋಡಿತು. ಜುಲೈ 14ರಂದು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಪಡೆ ಕಳಿಸುವುದಿಲ್ಲ ಎಂದು ಹೇಳಿತು. ನಮ್ಮ ಹುಡುಗರು ಆ ಯುದ್ಧಕ್ಕೆ ಹೋಗಲಿಲ್ಲ.