ತೋಟದಲ್ಲಿ ಬೆಳೆದವಳಿಗೆ ಸಮುದ್ರ ಯಾಕೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದವಳು, ಸೆಕೆಂಡ್ ಪಿಯು, ಪಿಸಿಎಂಬಿ. ಮುರ್ಡೇಶ್ವರಕ್ಕೆ ಹೋದಾಗ ನೇತ್ರಾಣಿ ದ್ವೀಪದ ಹವಳದ ಬಗ್ಗೆ ಕೇಳಿದೆ, ಆವತ್ತಿಂದ ಅದೇ ತಲೆಯಲ್ಲಿದೆ. ಹವಳದ ಮೇಲೆ ಸಂಶೋಧನೆ ಮಾಡ್ತೀನಿ ಅಂದರೆ ಮನೆಯಲ್ಲಿ "ತೋಟದಲ್ಲಿ ಬೆಳೆದವಳಿಗೆ ಸಮುದ್ರ ಯಾಕೆ" ಅಂತಾರೆ. ಈಜೂ ಬರಲ್ಲ. ಏನು ಓದಲಿ?

ಉತ್ತರ: ಈಜು ಕಲಿಯಬಹುದು ತಂಗಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಒಬ್ಬಳೇ ಹೊಳೆಗೆ ಇಳಿಯಬೇಡ, ಈಜುಕೊಳದಲ್ಲಿ ಹೇಳಿಕೊಡುವವರ ಹತ್ತಿರ ಕಲಿ. ಸ್ಕೂಬಾ ಕೋರ್ಸಿಗೆ ಈಗಲೇ ದುಡ್ಡು ಹಾಕಬೇಡ, ಎಂಎಸ್ಸಿ ಹೊತ್ತಿಗೆ ಮಾಡಿಕೊಂಡರೆ ಸಾಕು.

ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ತಗೋ, ಅದಕ್ಕೆ ಶಿವಮೊಗ್ಗ ದಾಟಬೇಕಾಗಿಲ್ಲ. ಆಮೇಲೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಗೋವಾ, ಕೊಚ್ಚಿಯಲ್ಲೂ ಓದಬಹುದು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ನಾಲ್ಕು ವರ್ಷದ ಬಿಎಫ್‌ಎಸ್ಸಿಯೂ ಒಳ್ಳೆಯದೇ, ಆದರೆ ಅಲ್ಲಿ ಮೀನು ಸಾಕಣೆ, ಮೀನು ಹಿಡಿಯುವುದರ ಪಾಠ ಜಾಸ್ತಿ. ಎಲ್ಲಿ ಓದಿದರೂ ಸ್ಟ್ಯಾಟಿಸ್ಟಿಕ್ಸ್ ಮಾತ್ರ ಬಿಡಬೇಡ.

ಯಾಕಂದರೆ ಈ ಕೆಲಸದಲ್ಲಿ ಎಣಿಸುವುದೇ ಜಾಸ್ತಿ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಹವಳದ ಊಟದ ಬಹುಪಾಲೂ ಬಣ್ಣವೂ ಆ ಪಾಚಿಯಿಂದ. ಕಡು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಏರಿ ನೀರು ಕೆಲವು ವಾರ ಹಾಗೇ ನಿಂತರೆ ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಣಿದರೆ ಉಳಿಯುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ಎಷ್ಟು ಸತ್ತಿತು, ಎಷ್ಟು ವರ್ಷಕ್ಕೆ ಚಿಗುರಿತು ಅಂತ ಹೇಳಬೇಕಾದರೆ ಯಾರಾದರೂ ಅದೇ ಜಾಗಕ್ಕೆ ವರ್ಷಾ ವರ್ಷಾ ಹೋಗಿ, ತಳದಲ್ಲಿ ಅಳತೆ ಟೇಪ್ ಹಾಸಿ, ಅದರ ಕೆಳಗಿದ್ದದ್ದನ್ನು ಬರೆದಿಟ್ಟಿರಬೇಕು ಅಲ್ವಾ? ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅಲ್ಲಿ ಬಹಳ ವರ್ಷಗಳಿಂದ ಇಂಥ ಕೆಲಸ ಮಾಡುತ್ತಿದ್ದಾರೆ.

ಇನ್ನು ಮನೆಯವರ ಮಾತು. ನಿಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲೇ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅದಕ್ಕೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಕರೆಂಟು ತೆಗೆದ ಸಿಹಿನೀರು ಬೇಸಿಗೆಯಲ್ಲೂ ಹೊಳೆ ಕಡಲು ಸೇರುವ ಅಳಿವೆಗೆ ಇಳಿಯುತ್ತದೆ, ಉಪ್ಪು ಕಮ್ಮಿಯಾಗಿ ಚಿಪ್ಪಿಕಲ್ಲು ಕಮ್ಮಿಯಾಗಿದೆ. ಕುಮಟಾ ಕಡೆಯ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಇವತ್ತಿಗೂ ಇಳಿತದ ಹೊತ್ತಿಗೆ ಜನ ಬುಟ್ಟಿ ಹಿಡಿದು ಚಿಪ್ಪಿ ಆರಿಸಲು ಇಳಿಯುತ್ತಾರೆ. 2024ರಲ್ಲಿ ಅದು ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ಘಟ್ಟದ ಮೇಲೆ ಹೊಳೆಗೆ ಮಾಡಿದ್ದು ಕೆಳಗೆ ಕೆಸರಲ್ಲಿ ಕಾಣುತ್ತದೆ. ಇದನ್ನು ಓದಲಿಕ್ಕೆ ಮಲೆನಾಡಿನವರಿಗಿಂತ ಹತ್ತಿರದವರು ಯಾರಿದ್ದಾರೆ?

ನಾನು ಮೊದಲು ಎಣಿಸಲು ಕಲಿತದ್ದು ಆ ಕೆಸರಲ್ಲೇ. ಪಿವಿಸಿ ಪೈಪಿನ ಕಾಲು ಮೀಟರ್ ಚೌಕ ಇಟ್ಟು, ಅದರೊಳಗಿನ ಕೆಸರನ್ನು ಜರಡಿಯಲ್ಲಿ ತೊಳೆದು, ಉಗುರಿಗಿಂತ ಸಣ್ಣ ಚಿಪ್ಪಿಗಳನ್ನು ಒಂದೊಂದಾಗಿ ಆರಿಸುತ್ತಾ ಕೂತಿದ್ದೆ. ಬೆರಳು ಕೊಯ್ದಿದ್ದೂ ಗೊತ್ತಾಗಲಿಲ್ಲ, ಭರತ ಏರಿದ್ದೂ ಗೊತ್ತಾಗಲಿಲ್ಲ, ದೋಣಿಯವರು ಕೂಗಿ ಎಬ್ಬಿಸಿದರು. ರಜೆಯಲ್ಲಿ ಅಪ್ಪನನ್ನೂ ಕರೆದುಕೊಂಡು ಹೋಗಿ ಒಂದು ಇಳಿತ ನೋಡಿ ಬಾ. ನೇತ್ರಾಣಿ ಆಮೇಲೆ.

ಪ್ರಶ್ನೆ: ಮಗ ಕಡಲ ಜೀವಶಾಸ್ತ್ರ ಅಂತ ಹಟ ಹಿಡಿದಿದ್ದಾನೆ. ಹೊಟ್ಟೆಪಾಡಿಗೆ ಆಗುತ್ತದೆಯೇ? (ಹೊಸನಗರದ ಓದುಗರು)

ಉತ್ತರ: ಕಾಯಂ ಹುದ್ದೆ ಕಮ್ಮಿ, ಸುಳ್ಳು ಹೇಳಲ್ಲ. ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಸಿಗುವ ಸಂಶೋಧನಾ ವೇತನ) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿ ಮುಗಿಯುವಾಗ ವಯಸ್ಸು ಮೂವತ್ತರ ಹತ್ತಿರ. ಆಮೇಲೆ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಮಂಗಳೂರು ಮತ್ತು ಕಾರವಾರದಲ್ಲೂ ಕೇಂದ್ರವಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಇಲ್ಲವೇ ಕಾಲೇಜು. ನಡುವೆ ಪ್ರಾಜೆಕ್ಟ್ ಮುಗಿದು ಕೈ ಖಾಲಿ ಇರುವ ತಿಂಗಳುಗಳೂ ಬರುತ್ತವೆ. "ಬಂದು ತೋಟ ನೋಡ್ಕೋ" ಅಂತ ಆಗ ಮಾತ್ರ ಹೇಳಬೇಡಿ, ಅವನಿಗೆ ನೀವು ಜಾಸ್ತಿ ಬೇಕಾಗುವುದು ಆಗಲೇ.

ಪ್ರಶ್ನೆ: ಅಂಡಮಾನ್‌ಗೆ ಹೊರಟಿದ್ದೇವೆ. ಮಗಳ ಶಾಲೆಯ ಪ್ರಾಜೆಕ್ಟಿಗೆ ದಡದಲ್ಲಿ ಬಿದ್ದ ಹವಳದ ತುಂಡು ತರಬಹುದಾ? (ಭದ್ರಾವತಿ)

ಉತ್ತರ: ಬೇಡ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಸತ್ತ ತುಂಡಾದರೂ ತರಬಾರದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಅಳತೆ ಸಿಗುತ್ತದೆ. ತಾರೀಖು, ಜಾಗ, ಭರತವೋ ಇಳಿತವೋ ಅನ್ನುವುದನ್ನು ಮಗಳ ಕೈಲೇ ಬರೆಸಿ.