ಬದುಕುಳಿದ ಅಣ್ಣನಿಗೆ ಏನು ಹೇಳಬೇಕು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕುಂಬಳೆ ಕಡೆಯ ಕುಟುಂಬ. 16 ವರ್ಷದ ಮಗ, 11 ವರ್ಷದ ಮಗಳು. ಟ್ಯೂಷನ್‌ಗೆ ತಡವಾಯಿತೆಂದು ಅಪ್ಪನೇ ಮಗನ ಕೈಗೆ ಸ್ಕೂಟರಿನ ಕೀ ಕೊಟ್ಟಿದ್ದರು. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬಂದ ಪಿಕಪ್ ಢಿಕ್ಕಿಯಾಯಿತು. ಹಿಂದೆ ಕೂತಿದ್ದ ತಂಗಿಗೆ ಹೆಲ್ಮೆಟ್ ಇರಲಿಲ್ಲ. ಮಂಗಳೂರಿಗೆ ಒಯ್ಯುವ ದಾರಿಯಲ್ಲೇ ತೀರಿಹೋದಳು. ಅಣ್ಣನ ಕೈ ಮುರಿದಿತ್ತು, ಅಷ್ಟೆ.

ನನ್ನ ಬಳಿ ಬಂದದ್ದು ತಾಯಿ. "ಊಟ ಮಾಡ್ತಾನೆ, ಶಾಲೆಗೂ ಹೋಗ್ತಾನೆ ಮೇಡಂ. ಆದ್ರೆ ರಸ್ತೆ ದಾಟುವಾಗ ಆಚೆ ಈಚೆ ನೋಡುವುದೇ ಇಲ್ಲ." ನನಗೆ ಭಯವಾದದ್ದು ಈ ಮಾತು ಕೇಳಿ.

ಮರುವಾರ ಹುಡುಗನೇ ಬಂದ. ತುಂಬ ಹೊತ್ತು ಕೈಯ ಪ್ಲಾಸ್ಟರಿನ ಅಂಚು ಕೆರೆಯುತ್ತ ಕೂತಿದ್ದ. ಕೊನೆಗೆ ಮೊಬೈಲ್ ತೆಗೆದು ತೋರಿಸಿದ. ಅಂಗಡಿಯೊಂದರ ಸಿಸಿಟಿವಿ ದೃಶ್ಯ, ಯಾವುದೋ ವಾಟ್ಸಾಪ್ ಗುಂಪಿನಿಂದ ಬಂದದ್ದು. ದಿನಾ ರಾತ್ರಿ ನೋಡುತ್ತಿದ್ದನಂತೆ. "ಎಲ್ಲರೂ ಹಣೆಬರಹ ಅಂತಾರೆ. ಸ್ಕೂಟರ್ ಬಿಟ್ಟದ್ದು ನಾನಲ್ವಾ?"

"ನಿನ್ನದೇನೂ ತಪ್ಪಿಲ್ಲ ಮಗಾ" ಎಂದು ನಾನು ಹೇಳಲಿಲ್ಲ. ಅವನು ಅದನ್ನು ನಂಬುವವನಲ್ಲ, ಮತ್ತೆ ನನ್ನನ್ನೂ ನಂಬುತ್ತಿರಲಿಲ್ಲ. "ಸಾಯಬೇಕು ಅಂತ ಅನಿಸ್ತದಾ?" ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಹೆದರಿಕೆ ಬೇಡ. ಕೇಳಿದರೇ ಮಕ್ಕಳು ಬಾಯಿಬಿಡುವುದು. ಅವನು "ಒಮ್ಮೊಮ್ಮೆ" ಎಂದ. ಅದೇ ದಿನ ತಾಯಿಯನ್ನು ಕರೆದು ತಿಳಿಸಿದೆ, ಮನೋವೈದ್ಯರನ್ನು ಕಾಣಲು ಕಳಿಸಿದೆ.

ನನ್ನ ಮುಖ್ಯ ಸಲಹೆ ಇದ್ದದ್ದು ಅಪ್ಪನಿಗೆ. ಉತ್ತರಕ್ರಿಯೆ ಮುಗಿದಂದಿನಿಂದ ಅವರು ಮಗನ ಮುಖ ನೋಡಿ ಮಾತಾಡಿರಲಿಲ್ಲ. "ಕೀ ಕೊಟ್ಟದ್ದು ನಾನು. ಹೆಲ್ಮೆಟ್ ಹಾಕಿಸದೆ ಕಳಿಸಿದ್ದೂ ನಾನು. ಆ ಭಾರ ನಿನ್ನೊಬ್ಬನದ್ದಲ್ಲ" ಎಂದು ನೀವೇ ಅವನಿಗೆ ಹೇಳಬೇಕು, ಹೆಂಡತಿಯ ಮೂಲಕ ಹೇಳಿಸಬಾರದು ಎಂದೆ. ಕಾನೂನೂ ಹೀಗೇ ಹೇಳುತ್ತದೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. 4 ವರ್ಷ ದಾಟಿದ ಮಕ್ಕಳಿಗೆ ಹಿಂದಿನ ಸೀಟಿನಲ್ಲೂ ಹೆಲ್ಮೆಟ್ ಕಡ್ಡಾಯ. "ಇಲ್ಲೇ ಹತ್ತಿರ ಅಲ್ವಾ" ಎನ್ನುವ ಮಾತು ನಮ್ಮ ಊರುಗಳಲ್ಲಿ ಎಷ್ಟು ಮಕ್ಕಳನ್ನು ಬಲಿ ತೆಗೆದುಕೊಂಡಿದೆಯೋ. 5ರಿಂದ 29 ವರ್ಷದವರ ಸಾವಿಗೆ ಜಗತ್ತಿನಲ್ಲೇ ಮೊದಲ ಕಾರಣ ರಸ್ತೆ ಅಪಘಾತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಉಳಿದವು ಸಣ್ಣ ಕೆಲಸಗಳು. ವಿಡಿಯೋ ಅಳಿಸಿ, ಗುಂಪಿನವರಿಗೂ ಅಳಿಸಲು ಕೇಳಿ. ನೆಂಟರು ಅವನೆದುರು ಆ ದಿನದ ಕಥೆ ಕೆದಕದಂತೆ ನೋಡಿಕೊಳ್ಳಿ, ಆದರೆ ತಂಗಿಯ ಹೆಸರು ಹೇಳುವುದು ಮನೆಯಲ್ಲಿ ನಿಲ್ಲಬಾರದು. ಶಾಲೆಗೆ ಹೋಗುವಾಗ ಸದ್ಯಕ್ಕೆ ದೊಡ್ಡವರೊಬ್ಬರು ಜೊತೆಗಿರಲಿ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಆ ಮಾತನ್ನು ಹೇಳಿದರು. ಹುಡುಗ ಮೊದಲು ಸಿಟ್ಟಾದ, "ಮತ್ತೆ ಯಾಕೆ ಕೊಟ್ಟದ್ದು?" ಎಂದು ಕಿರುಚಿದನಂತೆ. ಆ ಸಿಟ್ಟಿಗೆ ಎದುರುತ್ತರ ಕೊಡಬೇಡಿ, ಪೂರ್ತಿ ಕೇಳಿಸಿಕೊಳ್ಳಿ ಎಂದಿದ್ದೇನೆ. ಮುಂದಿನ ವಾರ ಮೂವರೂ ಒಟ್ಟಿಗೆ ಬರುತ್ತಾರೆ.