ಕಾಲು ರೊಟ್ಟಿ, ಮುಕ್ಕಾಲು ಸೇರು: ಭಿನ್ನರಾಶಿಯ ಪ್ರಶ್ನೆಗಳಿಗೆ ಉತ್ತರ

ಭಿನ್ನರಾಶಿಗಳನ್ನು ಕೂಡುವ, ಕಳೆಯುವ ಬಗ್ಗೆ ಶಿವಮೊಗ್ಗ ಜಿಲ್ಲೆಯ ಓದುಗರು ಕೇಳಿದ ಕೆಲವು ಪ್ರಶ್ನೆಗಳು ಈ ಸಲದ ಅಂಕಣದಲ್ಲಿವೆ. ಮಕ್ಕಳ ಹೋಂವರ್ಕೂ ಇದೆ, ಅಡುಗೆಮನೆಯ ಅಳತೆಯೂ ಇದೆ.

ಪ್ರಶ್ನೆ: ಐದನೇ ಕ್ಲಾಸಿನ ಮಗಳು ½ + ¼ = 2/6 ಎಂದು ಬರೆಯುತ್ತಾಳೆ. ತಪ್ಪು ಅಂದರೆ, "ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದೀನಲ್ಲ" ಎಂದು ವಾದಕ್ಕೆ ನಿಲ್ಲುತ್ತಾಳೆ. ಹೇಗೆ ತಿಳಿಸಲಿ? (ಗೃಹಿಣಿ, ತೀರ್ಥಹಳ್ಳಿ)

ನಿಯಮ ಹೇಳುವುದಕ್ಕೆ ಮುಂಚೆ ಅವಳ ಉತ್ತರವನ್ನೇ ತಟ್ಟೆಗೆ ಹಾಕಿ ನೋಡಿ. 2/6 ಅಂದರೆ 1/3. ತಟ್ಟೆಯಲ್ಲಿ ಅರ್ಧ ಅಕ್ಕಿ ರೊಟ್ಟಿ ಇತ್ತು, ಮೇಲೆ ಕಾಲು ರೊಟ್ಟಿ ಬಡಿಸಿದ್ದಾಯಿತು. ಈಗ ಇರುವುದು ಮೂರನೇ ಒಂದು ಭಾಗವಂತೆ! ಬಡಿಸಿದ ಮೇಲೆ ರೊಟ್ಟಿ ಕಡಿಮೆಯಾಗಲು ಸಾಧ್ಯವೇ? ಇಷ್ಟು ಕೇಳಿದರೆ ಮಗುವಿಗೇ ಅನುಮಾನ ಬರುತ್ತದೆ.

ಆದರೂ ಅವಳು ಏನನ್ನೋ ಎಣಿಸಿದ್ದಾಳೆ, ಅದು ಏನೆಂದು ತೋರಿಸಬೇಕು. ಒಂದು ರೊಟ್ಟಿಯನ್ನು ಎರಡು ಹೋಳು, ಇನ್ನೊಂದನ್ನು ನಾಲ್ಕು ಹೋಳು ಮಾಡಿ. ಒಟ್ಟು ಆರು ಹೋಳು, ಎತ್ತಿಕೊಂಡಿದ್ದು ಎರಡು. ಅವಳ 2/6 ಹುಟ್ಟಿದ್ದು ಇಲ್ಲಿ. ಎಣಿಕೆ ಸರಿಯೇ, ಆದರೆ ಆ ಎರಡು ಹೋಳುಗಳಲ್ಲಿ ಒಂದು ಇನ್ನೊಂದರ ಎರಡರಷ್ಟಿದೆ. ಛೇದ (ಕೆಳಗಿನ ಸಂಖ್ಯೆ) ಹೇಳುವುದು ಹೋಳಿನ ಗಾತ್ರವನ್ನು. ಎಣಿಕೆ ಇರುವುದು ಅಂಶದಲ್ಲಿ (ಮೇಲಿನ ಸಂಖ್ಯೆಯಲ್ಲಿ). ಅರ್ಧ ರೊಟ್ಟಿಯನ್ನು ಅವಳ ಕೈಯಲ್ಲೇ ಮಧ್ಯಕ್ಕೆ ಮುರಿಸಿ. ಎರಡು ಕಾಲು ಆಯಿತು. ಮೊದಲಿನ ಕಾಲನ್ನೂ ಪಕ್ಕಕ್ಕಿಟ್ಟರೆ ಮೂರು ಕಾಲು, ಅಂದರೆ ¾. ಕೂಡುವಾಗ ಹೋಳಿನ ಗಾತ್ರ ಬದಲಾಗಲಿಲ್ಲ, ಹಾಗಾಗಿ ಕೆಳಗಿನ 4 ಹಾಗೇ ಉಳಿಯಿತು. "ಮುಕ್ಕಾಲು" ಎಂದು ದಿನವೂ ಹೇಳುವ ಮಕ್ಕಳಿಗೆ ಇದು ಬೇಗ ಹತ್ತುತ್ತದೆ.

ಪ್ರಶ್ನೆ: ಅಳತೆಯ ಕಪ್‌ಗಳ ಸೆಟ್ ತಂದಿದ್ದೇನೆ (1, ½, ⅓, ¼). ಬಾಟಲಿಯಲ್ಲಿ 2 ಕಪ್ ಜೋನಿ ಬೆಲ್ಲ ಇದೆ. ಹಲಸಿನ ಹಣ್ಣಿನ ಕಡುಬಿಗೆ ⅔ ಕಪ್, ಪಾಯಸಕ್ಕೆ ¾ ಕಪ್ ಬೇಕು. ಎಷ್ಟು ಖರ್ಚಾಗಿ ಎಷ್ಟು ಉಳಿಯುತ್ತದೆ? (ಹೊಸನಗರ)

ಮೂರನೇ ಭಾಗವನ್ನು ಎಷ್ಟೇ ಸಲ ಅರ್ಧ ಮಾಡಿದರೂ ಕಾಲು ಸಿಗದು. ಕಾಲನ್ನು ಅರ್ಧ ಮಾಡುತ್ತಾ ಹೋದರೂ ಮೂರನೇ ಭಾಗ ಸಿಗದು. ಎರಡೂ ಸರಿಯಾಗಿ ಒಡೆಯುವ ಹೋಳು ಹುಡುಕಬೇಕು. 3 ಮತ್ತು 4ರ ಲ.ಸಾ.ಅ. (ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12, ಆದ್ದರಿಂದ ಹನ್ನೆರಡನೇ ಒಂದು ಭಾಗವನ್ನೇ ಎಣಿಕೆಯ ಹೋಳಾಗಿ ಇಟ್ಟುಕೊಳ್ಳಿ. ⅔ ಅಂದರೆ 8/12, ¾ ಅಂದರೆ 9/12. ಕೂಡಿದರೆ 17/12. ಅದರಲ್ಲಿ 12/12 ಒಂದು ಪೂರ್ತಿ ಕಪ್, ಮಿಕ್ಕಿದ್ದು 5/12. ಖರ್ಚು 1 5/12 ಕಪ್.

ಇನ್ನು 2ರಿಂದ ಇದನ್ನು ಕಳೆಯಬೇಕು. ಎಡವುವ ಜಾಗ ಇದೇ. "2ರಲ್ಲಿ 1 ಹೋದರೆ 1, ಪಕ್ಕದ 5/12 ಹಾಗೇ ಇಳಿಸು" ಎಂದು 1 5/12 ಬರೆದುಬಿಡುತ್ತಾರೆ. ಖರ್ಚೂ ಅಷ್ಟೇ, ಉಳಿದದ್ದೂ ಅಷ್ಟೇ ಎಂದಾದರೆ ಬಾಟಲಿಯಲ್ಲಿ ಮೊದಲು ಮೂರು ಕಪ್‌ಗೆ ಸಮೀಪ ಇದ್ದಿರಬೇಕಲ್ಲ. ಎರಡು ಕಪ್‌ನಲ್ಲಿ ಒಂದನ್ನು ಹನ್ನೆರಡು ಹೋಳಾಗಿ ಒಡೆದು 1 12/12 ಎಂದು ಬರೆದುಕೊಳ್ಳಿ. 1ರಲ್ಲಿ 1 ಹೋಗಿ ಸೊನ್ನೆ. 12/12ರಲ್ಲಿ 5/12 ಹೋಗಿ 7/12 ಉಳಿಯಿತು.

ಈ 7/12 ಕಪ್ ಅಳೆಯಲು ಬೇರೆ ಕಪ್ ಬೇಕಿಲ್ಲ: ⅓ (4/12) ಒಂದು, ¼ (3/12) ಒಂದು, ಅಷ್ಟೇ. ನಿಮ್ಮ ಕಪ್ 240 ಮಿ.ಲೀ.ನದಾದರೆ ಮಿ.ಲೀ.ನಲ್ಲೂ ತಾಳೆ ನೋಡಬಹುದು. ಕಡುಬಿಗೆ 160, ಪಾಯಸಕ್ಕೆ 180, ಒಟ್ಟು 340. 480ರಲ್ಲಿ ಕಳೆದರೆ 140. 80 ಮತ್ತು 60 ಕೂಡಿದರೂ 140. ಜೋನಿ ಬೆಲ್ಲ ಕಪ್ಪಿನ ಗೋಡೆಗೆ ಅಂಟಿ ಉಳಿಯುವುದರಿಂದ ಪ್ರತಿ ಸಲವೂ ಅಳತೆ ಸ್ವಲ್ಪ ಕಡಿಮೆ ಬೀಳುತ್ತದೆ. ಕಪ್ಪಿಗೆ ಒಳಗಡೆ ತುಪ್ಪ ಸವರಿಕೊಳ್ಳಿ. ಅಚ್ಚುಬೆಲ್ಲದ ಚೂರುಗಳನ್ನು ಕಪ್ಪಿನಲ್ಲಿ ಅಳೆಯಲೇ ಬೇಡಿ. ಚೂರುಗಳ ನಡುವೆ ಗಾಳಿ ಎಷ್ಟಿದೆಯೋ ಲೆಕ್ಕ ಅಷ್ಟು ಕೆಡುತ್ತದೆ, ಅದಕ್ಕೆ ತಕ್ಕಡಿಯೇ ಸರಿ.

ಪ್ರಶ್ನೆ: ಮೊಮ್ಮಗ 3¼ − 1¾ = 2½ ಎಂದು ಬರೆದಿದ್ದಾನೆ. ನಮಗೆ ಸೇರು, ಪಾವಿನಲ್ಲಿ ಬಾಯಲ್ಲೇ ಬರುವ ಲೆಕ್ಕ, ಅವನಿಗೆ ಹೇಳಿಕೊಡಲು ಬರುತ್ತಿಲ್ಲ. (ಸಾಗರ)

ನಿಮ್ಮ ಸೇರು-ಪಾವಿನಲ್ಲೇ ಹೇಳಿಕೊಡಿ, ಅದಕ್ಕಿಂತ ಒಳ್ಳೆಯ ಸಾಧನ ಅಂಗಡಿಯಲ್ಲಿ ಸಿಗುವುದಿಲ್ಲ. ನಾಲ್ಕು ಪಾವಿಗೆ ಒಂದು ಸೇರು. 3¼ ಸೇರು ಅಕ್ಕಿ ಅಂದರೆ 13 ಪಾವು, 1¾ ಸೇರು ಅಂದರೆ 7 ಪಾವು. 13ರಲ್ಲಿ 7 ಹೋದರೆ 6 ಪಾವು, ಅಂದರೆ ಒಂದೂವರೆ ಸೇರು. ಶಾಲೆಯಲ್ಲಿ ಇದನ್ನೇ 13/4 − 7/4 = 6/4 ಎಂದು ಬರೆಸಿ, ವಿಷಮ ಭಿನ್ನರಾಶಿ ಎಂದು ಹೆಸರಿಟ್ಟಿದ್ದಾರೆ.

ಅವನು ಮಾಡಿದ್ದು ಏನೆಂದರೆ, ¼ರಲ್ಲಿ ¾ ಹೋಗುವುದಿಲ್ಲವೆಂದು ತಿರುಗಿಸಿ ¾ರಲ್ಲಿ ¼ ಕಳೆದದ್ದು. ಇದು ತುಂಬಾ ಸಾಮಾನ್ಯ. ಉತ್ತರಕ್ಕೆ ಕಳೆದದ್ದನ್ನು ಕೂಡಿಸಿ ತೋರಿಸಿ: 2½ + 1¾ = 4¼. ಡಬ್ಬದಲ್ಲಿ ಇದ್ದದ್ದು 3¼ ಮಾತ್ರ.

ಸರಿಯಾದ ದಾರಿ: ಮೂರು ಸೇರಿನಲ್ಲಿ ಒಂದನ್ನು ಪಾವಾಗಿ ಸುರಿದುಕೊಳ್ಳಬೇಕು. ಆಗ 2 ಸೇರು 5 ಪಾವು, ಅಂದರೆ 2 5/4. ಇದರಲ್ಲಿ 1 3/4 ಹೋದರೆ 1 2/4. ಇಲ್ಲೂ ಒಂದು ಹೊಂಡ ಇದೆ. ಪೂರ್ಣಸಂಖ್ಯೆ ಕಳೆಯುವಾಗ ಸಾಲ ತಂದದ್ದು ಯಾವಾಗಲೂ ಹತ್ತು ಎಂದು ರೂಢಿಯಾಗಿರುವುದರಿಂದ ಮಕ್ಕಳು ¼ರ ಮೇಲಿನ 1ರ ಹಿಂದೆ ಇನ್ನೊಂದು 1 ಹಾಕಿ 11/4 ಮಾಡುತ್ತಾರೆ. ಆಗ ಉತ್ತರ 3 ಬರುತ್ತದೆ! ಇಲ್ಲಿ ಒಡೆಯುತ್ತಿರುವುದು ಸೇರನ್ನು, ಸೇರು ಒಡೆದರೆ ನಾಲ್ಕೇ ಪಾವು. ಛೇದ 6 ಇದ್ದರೆ ಆರು, 8 ಇದ್ದರೆ ಎಂಟು.

ಛೇದಗಳು ಬೇರೆ ಬೇರೆ ಇದ್ದರೆ ಮೊದಲು ಛೇದ ಸಮ ಮಾಡಿ, ಆಮೇಲೆ ಒಡೆಯಿರಿ. 4⅓ − 1½ ತೆಗೆದುಕೊಳ್ಳಿ: 4 2/6 − 1 3/6, ಮುಂದೆ 3 8/6 − 1 3/6 = 2 5/6. ಅವಸರದಲ್ಲಿ ಮೊದಲೇ ಒಡೆದು 3 4/3 ಎಂದು ಬರೆದವರು ಆಮೇಲೆ ಛೇದ ಬದಲಿಸುವಾಗ ಗೊಂದಲಕ್ಕೆ ಬೀಳುತ್ತಾರೆ. ಬಾಯಿಲೆಕ್ಕ ರೂಢಿ ಇರುವವರಿಗೆ ಅಂಗಡಿಯವರು ಚಿಲ್ಲರೆ ಎಣಿಸುವ ಕ್ರಮವೂ ಆಗುತ್ತದೆ. 1¾ರಿಂದ 2ಕ್ಕೆ ಕಾಲು, 2ರಿಂದ 3ಕ್ಕೆ ಒಂದು, 3ರಿಂದ 3¼ಕ್ಕೆ ಕಾಲು, ಒಟ್ಟು ಒಂದೂವರೆ.

ಪ್ರಶ್ನೆ: ಎರಡು ಛೇದಗಳನ್ನು ಗುಣಿಸಿಬಿಟ್ಟರೆ ಸಾಲದೇ? ಲ.ಸಾ.ಅ. ಯಾಕೆ ಬೇಕು? (ವಿದ್ಯಾರ್ಥಿ, ಭದ್ರಾವತಿ)

ಗುಣಿಸಿದರೂ ಉತ್ತರ ತಪ್ಪಾಗುವುದಿಲ್ಲ, ಕೆಲಸ ಹೆಚ್ಚು. ಭರಣಿ ತುಂಬಾ ಅಪ್ಪೆಮಿಡಿ ಉಪ್ಪಿನಕಾಯಿ ಇದೆ. ಅದರ 1/6 ಅಕ್ಕನ ಮನೆಗೆ, 3/8 ತಮ್ಮನ ಮನೆಗೆ ಕೊಟ್ಟಿರಿ. ಗುಣಿಸಿದರೆ ಛೇದ 48: 8/48 + 18/48 = 26/48, ಮತ್ತೆ ಸಂಕ್ಷೇಪಿಸಿ 13/24. ಲ.ಸಾ.ಅ. 24 ಹಿಡಿದರೆ 4/24 + 9/24 = 13/24, ಒಂದೇ ಹೆಜ್ಜೆ. ಭರಣಿಯಲ್ಲಿ ಉಳಿದದ್ದು 11/24. ಮೂರು ಭಿನ್ನರಾಶಿಗಳಾದರೆ ವ್ಯತ್ಯಾಸ ಎದ್ದು ಕಾಣುತ್ತದೆ: 4, 6, 8ರ ಗುಣಲಬ್ಧ 192, ಲ.ಸಾ.ಅ. 24 ಮಾತ್ರ. ಭಿನ್ನರಾಶಿ ಕೂಡಲು ಲ.ಸಾ.ಅ. ಬಳಸುವ ಕ್ರಮ ನಮ್ಮ ನಾಡಿಗೆ ಹಳೆಯದು. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಅದನ್ನು "ನಿರುದ್ಧ" ಎಂದು ಕರೆದು ವಿವರಿಸಿದ್ದಾನೆ.

ಲ.ಸಾ.ಅ. ಹುಡುಕುವವರ ಕಾಯಂ ತಪ್ಪು ಬೇರೆಯೇ. ಛೇದ 24 ಮಾಡಿ ಅಂಶವನ್ನು ಮುಟ್ಟದೆ ಬಿಡುವುದು: 1/24 + 3/24 = 4/24. ಸಂಕ್ಷೇಪಿಸಿದರೆ 1/6. ಅಂದರೆ ಅಕ್ಕನಿಗೆ ಕೊಟ್ಟಷ್ಟೇ ಆಯಿತು, ತಮ್ಮನಿಗೆ ಕೊಟ್ಟದ್ದು ಗಾಳಿಗೆ ಹೋಯಿತು. ಕೆಳಗೆ ಯಾವುದರಿಂದ ಗುಣಿಸಿದಿರೋ ಮೇಲೂ ಅದರಿಂದಲೇ ಗುಣಿಸಿ.

ಪ್ರಶ್ನೆ: ತರಗತಿಯಲ್ಲಿ ತೋರಿಸಲು ಯಾವ ತಿಂಡಿ ಒಳ್ಳೆಯದು? ಅಕ್ಕಿ ರೊಟ್ಟಿ ಸರಿಯಾಗಿ ಮುರಿಯುವುದೇ ಇಲ್ಲ. (ಶಿಕ್ಷಕಿ, ಶಿಕಾರಿಪುರ)

ಅರ್ಧ, ಕಾಲು, ಎಂಟನೇ ಭಾಗಕ್ಕೆ ನೀರು ದೋಸೆ. ಹೇಗೂ ನಾಲ್ಕು ಮಡಿಕೆ ಮಾಡಿಯೇ ಬಡಿಸುವುದು. ಬಿಚ್ಚಿದರೆ ಗೆರೆ ಕಾಣುತ್ತದೆ. ಮೂರನೇ ಭಾಗಕ್ಕೆ ಗುಂಡಗಿನ ಯಾವ ತಿಂಡಿಯನ್ನೂ ನಂಬಬೇಡಿ, ಕಣ್ಣಳತೆಯಲ್ಲಿ ಮೂರು ಸಮ ಹೋಳು ಬರುವುದು ಕಷ್ಟ. ಆಯತಾಕಾರದ ತಟ್ಟೆಗೆ ಕೊಬ್ಬರಿ ಮಿಠಾಯಿ ಸುರಿದು, ಬಿಸಿ ಇರುವಾಗಲೇ ಮೂರು ಸಾಲು, ನಾಲ್ಕು ಕಾಲಂ ಗೆರೆ ಎಳೆಯಿರಿ. ಹನ್ನೆರಡು ತುಂಡು. ಅಂಚುಗಳನ್ನು ಮೊದಲು ಕೆತ್ತಿ ನೇರ ಮಾಡಿಕೊಂಡರೆ ತುಂಡುಗಳು ಸಮ ಬರುತ್ತವೆ. ತಣ್ಣಗಾದ ಮೇಲೆ ಕತ್ತರಿಸಿದರೆ ಪುಡಿಯಾಗುತ್ತದೆ. ಒಂದು ಸಾಲು ತೆಗೆದರೆ ⅓, ಒಂದು ಕಾಲಂ ತೆಗೆದರೆ ¼. ನಾಲ್ಕು ತುಂಡು, ಮೂರು ತುಂಡು, ಒಟ್ಟು 7/12. ಒಂದೇ ಎಚ್ಚರ: ಒಂದೇ ತಟ್ಟೆಯಲ್ಲಿ ಸಾಲು, ಕಾಲಂ ಎರಡನ್ನೂ ಬೆರಳಿಟ್ಟು ತೋರಿಸಿದರೆ ಅವು ಸೇರುವ ಜಾಗದ ತುಂಡು ಎರಡಕ್ಕೂ ಒಂದೇ ಆಗಿ, ಏಳರ ಬದಲು ಆರೇ ತುಂಡು ಸಿಗುತ್ತದೆ. ಸಾಲನ್ನು ಒಂದು ತಟ್ಟೆಯಿಂದ, ಕಾಲಂ ಅನ್ನು ಅಂಥದೇ ಇನ್ನೊಂದು ತಟ್ಟೆಯಿಂದ ತೆಗೆಯಿರಿ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬಂದ ಕಡುಬಿನ ವಿಧಾನದಲ್ಲಿ "21/2 ಕಪ್ ಅಕ್ಕಿ ತರಿ" ಎಂದಿದೆ. ಅಂದರೆ ಎಷ್ಟು? (ರಿಪ್ಪನ್‌ಪೇಟೆ)

ಎರಡೂವರೆ ಕಪ್. ನಡುವಿನ ಜಾಗ ಬಿಟ್ಟುಹೋಗಿದೆ. ಇದ್ದ ಹಾಗೇ ಓದಿದರೆ ಹತ್ತೂವರೆ ಕಪ್ ಆಗುತ್ತದೆ, ಅಷ್ಟು ಕಡುಬು ಬೇಯಿಸಲು ದೊಡ್ಡ ಹಬೆಪಾತ್ರೆಯೇ ಬೇಕು.

ಪ್ರಶ್ನೆ: ಮನೆಯಲ್ಲಿ ಅರ್ಧ ಹಲಸಿನ ಹಣ್ಣಿತ್ತು, ಪಕ್ಕದ ಮನೆಯವರು ಕಾಲು ಹಣ್ಣು ಕೊಟ್ಟರು. ಮುಕ್ಕಾಲು ಹಣ್ಣಾಯಿತು ಎನ್ನಬಹುದೇ? (ಸೊರಬ)

ಎರಡು ಹಣ್ಣೂ ಒಂದೇ ತೂಕದವಾದರೆ ಮಾತ್ರ. ನಿಮ್ಮದು 8 ಕಿಲೋ, ಅವರದು 12 ಕಿಲೋ ಎಂದಿಟ್ಟುಕೊಳ್ಳಿ. ಅರ್ಧ ಅಂದರೆ 4 ಕಿಲೋ, ಕಾಲು ಅಂದರೆ 3 ಕಿಲೋ, ಒಟ್ಟು 7. ನಿಮ್ಮ ಹಣ್ಣಿನ ಲೆಕ್ಕದಲ್ಲಿ ಅದು 7/8, ಅವರ ಹಣ್ಣಿನ ಲೆಕ್ಕದಲ್ಲಿ 7/12. ಮುಕ್ಕಾಲು ಎಲ್ಲೂ ಇಲ್ಲ. ಹೀಗೆ ಪೂರ್ಣವೇ ಬೇರೆ ಬೇರೆ ಇದ್ದಾಗ ಭಿನ್ನರಾಶಿ ಕೂಡಬೇಡಿ, ಮೊದಲು ಕಿಲೋಗೆ ಇಳಿಸಿ ಕೂಡಿ.